ಏಳೇ ಏಳು ಬ್ರೇಕು

ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ, ಕೆನಡಾ ಗಡಿಗೆ ಒತ್ತಿಕೊಂಡಂತೆ ಅರೂಸ್ಟುಕ್ ಎಂಬ ಜಿಲ್ಲೆಯಿದೆ. ಆಲೂಗಡ್ಡೆಯ ಸೀಮೆ ಅದು. ಕೀಳುವ ಕಾಲಕ್ಕೆ ಮಕ್ಕಳ ಕೈಯೂ ಬೇಕೆಂದು ಶಾಲೆಗೆ ರಜೆ ಕೊಡುವ ರೂಢಿ ಅಲ್ಲಿ ಎಷ್ಟೋ ಕಾಲದಿಂದ ಇದೆ. ಬೆಳೆದದ್ದನ್ನು ದೂರದ ಪೇಟೆಗೆ ಸಾಗಿಸಲೆಂದು 1891ರಲ್ಲಿ 'ಬ್ಯಾಂಗರ್ ಅಂಡ್ ಅರೂಸ್ಟುಕ್' ಎಂಬ ರೈಲು ಕಂಪನಿ ಹುಟ್ಟಿತು. ಮೇನ್‌ನ ಚಳಿಗೆ ಆಲೂಗಡ್ಡೆ ಹೆಪ್ಪುಗಟ್ಟಿ ಹಾಳಾಗುತ್ತದೆ. ಅದಕ್ಕಾಗಿ ಬೋಗಿಯೊಳಗೆ ಬೆಚ್ಚಗಿಡುವ ವ್ಯವಸ್ಥೆ ಮಾಡಿ, ಹಿಮ ಬೀಳುವ ರಾತ್ರಿಗಳಲ್ಲಿ ನೂರಾರು ಮೈಲಿ ಕಳಿಸುತ್ತಿದ್ದರು. ಕಾಡಿನ ಮರ, ಕಾಗದದ ಗಿರಣಿಗಳ ಸರಕು, ಆಲೂಗಡ್ಡೆ: ಈ ಮೂರನ್ನು ನಂಬಿ ಬೆಳೆದ ಆ ಕಂಪನಿ ಒಂದು ಶತಮಾನ ಬದುಕಿತು.

ಅದು ಸತ್ತ ಮೇಲೆ ಅದರ ಹಳಿಗಳ ಮೇಲೆ ಹುಟ್ಟಿ, ಹನ್ನೊಂದೇ ವರ್ಷ ಬದುಕಿದ ಇನ್ನೊಂದು ಕಂಪನಿಯ ಕಥೆ ಇದು. ಅದರ ಹೆಸರು 'ಮಾಂಟ್ರಿಯಲ್, ಮೇನ್ ಅಂಡ್ ಅಟ್ಲಾಂಟಿಕ್ ರೈಲ್ವೆ'. ಚಿಕ್ಕದಾಗಿ ಎಂಎಂಎ. ಹತ್ತು ವರ್ಷ ಅದರ ಹೆಸರು ಆ ಸೀಮೆಯಾಚೆ ಯಾರಿಗೂ ತಿಳಿದಿರಲಿಲ್ಲ. 2013ರ ಜುಲೈ 6ರ ನಸುಕಿನಲ್ಲಿ ಇಡೀ ಜಗತ್ತಿಗೆ ತಿಳಿಯಿತು.

ರೈಲು ಎಂದರೆ ಸರ್ಕಾರದ್ದು ಎಂದೇ ಬೆಳೆದವರು ನಾವು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಗೂಡ್ಸ್ ರೈಲಿನ ಎಂಜಿನ್ ಮಾತ್ರವಲ್ಲ, ಹಳಿ, ಸೇತುವೆ, ನೆಲ ಬಹುತೇಕ ಎಲ್ಲವೂ ಖಾಸಗಿ ಕಂಪನಿಯ ಸ್ವತ್ತು. 1980ರವರೆಗೆ ಅವುಗಳ ಬಾಡಿಗೆ ದರವನ್ನೂ, ಯಾವ ಮಾರ್ಗ ಮುಚ್ಚಬಹುದು ಎಂಬುದನ್ನೂ ಸರ್ಕಾರ ಬಿಗಿಯಾಗಿ ಹಿಡಿದಿತ್ತು. ಲಾರಿಗಳ ಪೈಪೋಟಿಗೆ ಸಿಕ್ಕ ಕಂಪನಿಗಳು ಒಂದೊಂದಾಗಿ ಮುಳುಗತೊಡಗಿದಾಗ, ಆ ವರ್ಷ ಬಂದ ಸ್ಟ್ಯಾಗರ್ಸ್ ಕಾಯ್ದೆ ಆ ಹಿಡಿತವನ್ನು ಬಹುಮಟ್ಟಿಗೆ ಸಡಿಲಿಸಿತು. ದೊಡ್ಡ ಕಂಪನಿಗಳು ಲಾಭದ ಹೆದ್ದಾರಿಗಳನ್ನು ಉಳಿಸಿಕೊಂಡು, ಸೊರಗಿದ ಕವಲುಗಳನ್ನು ಮಾರಿದವು. ಅವನ್ನು ಕೊಂಡವರು ಕಡಿಮೆ ಜನರನ್ನಿಟ್ಟು, ಹಳೆಯ ಎಂಜಿನ್ ಓಡಿಸಿ, ಊರೂರಿನ ಗಿರಣಿಗಳ ಬಾಗಿಲಿಗೆ ಹೋಗಿ ಸರಕು ಕೇಳಿ ನಡೆಸಿದರು. ಹೀಗೆ ಹುಟ್ಟಿದ ಮಧ್ಯಮ ಗಾತ್ರದವುಗಳಿಗೆ 'ಪ್ರಾದೇಶಿಕ ರೈಲ್ವೆ' ಎಂಬ ಹೆಸರು ಬಿತ್ತು. ಇವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿ ನಡೆದವು. ಮುಚ್ಚಿಹೋಗಬೇಕಿದ್ದ ಎಷ್ಟೋ ಮಾರ್ಗಗಳು ಉಳಿದದ್ದು ಇವುಗಳಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದವರಿಗೆ ಸಣ್ಣ ರೈಲ್ವೆ ಎಂದರೇ ಅಪಾಯ ಎಂದು ತೋರಬಾರದು.

ಚೆನ್ನಾಗಿ ನಡೆದವುಗಳಲ್ಲಿ ಮುಂಚೂಣಿಯದು 1987ರಲ್ಲಿ ಶುರುವಾದ ವಿಸ್ಕಾನ್ಸಿನ್ ಸೆಂಟ್ರಲ್. ಅದನ್ನು ಕಟ್ಟಿದವರಲ್ಲಿ ಮುಖ್ಯರು ಎಡ್ವರ್ಡ್ ಬರ್ಕ್‌ಹಾರ್ಟ್. ನ್ಯೂಜಿಲೆಂಡ್, ಬ್ರಿಟನ್, ಎಸ್ಟೋನಿಯಾಗಳ ಖಾಸಗೀಕರಣಗೊಂಡ ರೈಲುಗಳಲ್ಲೂ ಅವರ ಕೈಯಿತ್ತು. ಸೊರಗಿದ ರೈಲನ್ನು ಎಬ್ಬಿಸಿ ನಿಲ್ಲಿಸುವವರು ಎಂಬ ಹೆಸರು ಅವರಿಗಿತ್ತು. 2001ರಲ್ಲಿ ಬ್ಯಾಂಗರ್ ಅಂಡ್ ಅರೂಸ್ಟುಕ್ ದಿವಾಳಿಯಾದಾಗ ಅದನ್ನೂ ಅದರ ಸೋದರ ಮಾರ್ಗಗಳನ್ನೂ ಕೊಳ್ಳಲು ಮುಂದೆ ಬಂದದ್ದು ಅವರ 'ರೈಲ್ ವರ್ಲ್ಡ್'. ಸುಮಾರು 5 ಕೋಟಿ ಡಾಲರಿಗೆ ವ್ಯವಹಾರ ಕುದುರಿ, 2003ರ ಜನವರಿಯಲ್ಲಿ ಎಂಎಂಎ ಓಡತೊಡಗಿತು. ಸುಮಾರು 820 ಕಿಲೋಮೀಟರ್ ಹಳಿ. ಒಂದು ಕವಲು ಅರೂಸ್ಟುಕ್‌ನ ಆಲೂಗಡ್ಡೆ ಹೊಲಗಳ ಕಡೆಗೆ, ಇನ್ನೊಂದು ಸಿಯರ್ಸ್‌ಪೋರ್ಟ್ ಬಂದರಿನ ಕಡೆಗೆ, ಮತ್ತೊಂದು ಗಡಿ ದಾಟಿ ಕ್ವಿಬೆಕ್ ಪ್ರಾಂತ್ಯದೊಳಗೆ ಮಾಂಟ್ರಿಯಲ್‌ನ ದಿಕ್ಕಿಗೆ.

ಈ ಮೂರನೆಯ ಕವಲಿಗೆ ಒಂದು ಹಿನ್ನೆಲೆಯಿದೆ. ಮಾಂಟ್ರಿಯಲ್‌ನಿಂದ ಅಟ್ಲಾಂಟಿಕ್ ತೀರದ ಸೇಂಟ್ ಜಾನ್ ಬಂದರಿಗೆ ಹತ್ತಿರದ ದಾರಿ ಬೇಕೆಂದು ಕೆನೇಡಿಯನ್ ಪೆಸಿಫಿಕ್ ಕಂಪನಿ 1889ರಲ್ಲಿ ಅಮೆರಿಕದ ನೆಲವನ್ನೇ ಸೀಳಿ ಹಾಕಿದ ಮಾರ್ಗ ಅದು. ಆ ಮಾರ್ಗದ ಲಾಕ್-ಮೆಗಾಂಟಿಕ್ ಎಂಬ ಊರು, ಸರೋವರದ ದಂಡೆಯಲ್ಲಿ, 1884ರಲ್ಲಿ ರೈಲು ಬರುತ್ತದೆಂದೇ ತಲೆಯೆತ್ತಿತು. ಹಳಿಯ ಎರಡೂ ಬದಿಗೆ ಪೇಟೆ ಬೆಳೆಯಿತು. 1990ರ ದಶಕದ ನಡುವೆ ಕೆನೇಡಿಯನ್ ಪೆಸಿಫಿಕ್ ಲಾಭವಿಲ್ಲವೆಂದು ಮಾರ್ಗವನ್ನು ಮಾರಿ ಹೊರಟುಹೋಯಿತು. ಊರು ಮಾತ್ರ ಹಳಿಗೆ ಅಂಟಿಕೊಂಡೇ ಉಳಿಯಿತು.

ಎಂಎಂಎ ಹುಟ್ಟಿದ ತಿಂಗಳೇ ಅದರ ಮೇಲೆ ಮೊದಲ ಪೆಟ್ಟು ಬಿತ್ತು. ಮಿಲಿನಾಕೆಟ್ ಎಂಬಲ್ಲಿನ 'ಗ್ರೇಟ್ ನಾರ್ದರ್ನ್' ಕಾಗದ ಕಂಪನಿ 2003ರ ಜನವರಿಯಲ್ಲೇ ದಿವಾಳಿ ಅರ್ಜಿ ಹಾಕಿತು. ಆ ಗಿರಣಿಯೇ ರೈಲಿನ ದೊಡ್ಡ ಗಿರಾಕಿ. ಆಮೇಲೆ ಗಿರಣಿ ಕೈ ಬದಲಾಯಿಸಿ ಕುಂಟುತ್ತ ನಡೆದು, 2008ರಲ್ಲಿ ಮಿಲಿನಾಕೆಟ್‌ನಲ್ಲಿ ಯಂತ್ರಗಳು ನಿಂತವು. ಪತ್ರಿಕೆಗಳು ಪುಟ ಕಡಿಮೆ ಮಾಡುತ್ತಿದ್ದ ಕಾಲ ಅದು. ನ್ಯೂಸ್‌ಪ್ರಿಂಟಿನ ಬೇಡಿಕೆ ಇಳಿದರೆ ಮೇನ್‌ನ ಕಾಡಿನಲ್ಲಿ ಒಂದು ಗೂಡ್ಸ್ ರೈಲು ಕಡಿಮೆಯಾಗುತ್ತಿತ್ತು. ಆಲೂಗಡ್ಡೆಯಂತೂ ಎಂದೋ ಕೈಬಿಟ್ಟಿತ್ತು. 1969-70ರ ಚಳಿಗಾಲದಲ್ಲಿ ಮುಂದಿನ ಹಾದಿಯ ದೊಡ್ಡ ಕಂಪನಿ ಪೆನ್ ಸೆಂಟ್ರಲ್‌ನ ಯಾರ್ಡುಗಳಲ್ಲಿ ಬೋಗಿಗಳು ಸಿಕ್ಕಿಹಾಕಿಕೊಂಡು ರೈತರ ಮಾಲು ಕೊಳೆತುಹೋಯಿತು. ಮರುವರ್ಷದಿಂದ ರೈತರು ಲಾರಿ ಹಿಡಿದರು, ತಿರುಗಿ ಬರಲಿಲ್ಲ. ರೈತ ಒಮ್ಮೆ ನಂಬಿಕೆ ಕಳೆದುಕೊಂಡರೆ ರಿಯಾಯಿತಿ ದರದಿಂದ ಅದನ್ನು ಮರಳಿ ಕೊಳ್ಳಲಾಗುವುದಿಲ್ಲ.

ಇಲ್ಲಿಂದ ಮುಂದೆ ಎಂಎಂಎಯ ಇತಿಹಾಸವೆಂದರೆ ಖರ್ಚು ಕಡಿತದ ಇತಿಹಾಸ. 2010ರಲ್ಲಿ ಉತ್ತರದ 233 ಮೈಲಿ ಹಳಿಯನ್ನು ನಡೆಸಲಾರೆವೆಂದು ಕೈಬಿಟ್ಟಿತು. ಅರೂಸ್ಟುಕ್‌ನ ಮರದ ಕಾರ್ಖಾನೆಗಳು ಅನಾಥವಾಗಬಾರದೆಂದು ಮೇನ್ ರಾಜ್ಯವೇ ಸುಮಾರು 2 ಕೋಟಿ ಡಾಲರ್ ಕೊಟ್ಟು ಹಳಿ ಕೊಂಡು, ಬೇರೊಂದು ಕಂಪನಿಗೆ ಓಡಿಸಲು ವಹಿಸಿತು. ಇದು ಸರಿಯಾದ ನಿರ್ಧಾರ ಎಂದು ನನ್ನ ಎಣಿಕೆ. ಲಾಭ ತರದ ಹಳಿ ಊರಿಗೆ ಬೇಕೇ ಬೇಕಿದ್ದರೆ ಊರಿನವರೆಲ್ಲರ ತೆರಿಗೆ ಅದನ್ನು ಹೊರಬೇಕು. ಉಳಿದ ಹಳಿಗಳಲ್ಲಿ ಅದು ಆಗಲಿಲ್ಲ. ಅಲ್ಲಿ ಹಳಿಯ ದುರಸ್ತಿ ತಡವಾಯಿತು, ರೈಲುಗಳು ಹಲವೆಡೆ ತೆವಳುತ್ತ ಸಾಗಿದವು, ಎಂಜಿನ್‌ಗಳು ಮುದಿಯಾದವು. ಕೊನೆಗೆ ಒಂದು ಗೂಡ್ಸ್ ರೈಲಿಗೆ ಒಬ್ಬನೇ ಮನುಷ್ಯ ಎಂಬಲ್ಲಿಗೆ ಬಂತು. 2012ರಲ್ಲಿ ಕೆನಡಾದ ಸಾರಿಗೆ ಇಲಾಖೆ ಅದಕ್ಕೂ ಒಪ್ಪಿತು.

ಅದೇ ಹೊತ್ತಿಗೆ ಮೂರು ಸಾವಿರ ಕಿಲೋಮೀಟರ್ ಆಚೆ ಇನ್ನೊಂದು ಬೆಳವಣಿಗೆ. ನಾರ್ತ್ ಡಕೋಟದ ಬಾಕೆನ್ ಬಂಡೆಪದರದಿಂದ ಕಚ್ಚಾತೈಲ ಚಿಮ್ಮತೊಡಗಿತು. ಸಾಗಿಸಲು ಸಾಕಷ್ಟು ಪೈಪ್‌ಲೈನ್ ಇರಲಿಲ್ಲ, ರೈಲು ಇತ್ತು. 2008ರಲ್ಲಿ ಅಮೆರಿಕದ ದೊಡ್ಡ ರೈಲು ಕಂಪನಿಗಳು ಸಾಗಿಸಿದ ಕಚ್ಚಾತೈಲದ ಟ್ಯಾಂಕ್ ವ್ಯಾಗನ್‌ಗಳು ಹತ್ತು ಸಾವಿರವೂ ಇರಲಿಲ್ಲ. 2013ರಲ್ಲಿ ಅದು ನಾಲ್ಕು ಲಕ್ಷ ಮುಟ್ಟಿತು. ಆ ಎಣ್ಣೆ ಹೋಗಬೇಕಿದ್ದ ಜಾಗಗಳಲ್ಲಿ ಒಂದು ಸೇಂಟ್ ಜಾನ್‌ನ ಇರ್ವಿಂಗ್ ಸಂಸ್ಕರಣಾಗಾರ. ಅಲ್ಲಿಗೆ ಹತ್ತಿರದ ದಾರಿ 1889ರ ಆ ಹಳೆಯ ಮಾರ್ಗ. ಬಡವಾಗಿದ್ದ ಎಂಎಂಎಗೆ ಇದು ಬರಗಾಲದಲ್ಲಿ ಬಂದ ಮಳೆ. ಮರದ ತಿರುಳು, ಹಲಗೆ ಸಾಗಿಸುತ್ತಿದ್ದ ಹಳಿಯ ಮೇಲೆ 2012ರಿಂದ ಎಣ್ಣೆಯ ಉದ್ದುದ್ದ ರೈಲುಗಳು ಬರತೊಡಗಿದವು. ಹೊರೆ ಬದಲಾಯಿತು. ಹಳಿ, ಎಂಜಿನ್, ಕೈಗಳ ಸಂಖ್ಯೆ, ತಪಾಸಣೆಯ ರೀತಿ ಇವು ಯಾವುವೂ ಅದಕ್ಕೆ ತಕ್ಕಂತೆ ಬದಲಾಗಲಿಲ್ಲ.

2013ರ ಜುಲೈ 5ರ ರಾತ್ರಿ ಸುಮಾರು 10:50. ಐದು ಎಂಜಿನ್, 72 ಟ್ಯಾಂಕ್ ವ್ಯಾಗನ್, ನಡುವೆ ಇನ್ನೆರಡು ಬೋಗಿ. ಉದ್ದ ಸುಮಾರು 1.4 ಕಿಲೋಮೀಟರ್, ತೂಕ 9,300 ಟನ್‌ನಷ್ಟು, ಒಳಗೆ 77 ಲಕ್ಷ ಲೀಟರ್ ಎಣ್ಣೆ. ಈ ರೈಲನ್ನು ಅದರ ಏಕೈಕ ಚಾಲಕ ನಾಂಟ್ ಎಂಬ ಹಳ್ಳಿಯ ಬಳಿ ಮುಖ್ಯ ಮಾರ್ಗದ ಮೇಲೆಯೇ ನಿಲ್ಲಿಸಿದ. ಪಕ್ಕದಲ್ಲಿ ಲೂಪ್ ಲೈನ್ ಇತ್ತು. ಬೋಗಿ ತಾನಾಗಿ ಉರುಳಿದರೆ ಅದನ್ನು ಹಳಿಯಿಂದ ಕೆಡವಿ ನಿಲ್ಲಿಸುವ ಸಾಧನವೂ ಆ ಹಳಿಗಿತ್ತು. ಆದರೆ ಅಲ್ಲಿ ಕಾರ್ಖಾನೆಯೊಂದರ ಬೋಗಿಗಳು ನಿಂತಿದ್ದವು. ನಾಂಟ್‌ನಿಂದ ಲಾಕ್-ಮೆಗಾಂಟಿಕ್‌ಗೆ ಹನ್ನೊಂದೂವರೆ ಕಿಲೋಮೀಟರ್, ಅಷ್ಟೂ ದೂರ ಇಳಿಜಾರು. ಸರಾಸರಿ 100 ಅಡಿಗೆ ಸುಮಾರು ಒಂದು ಅಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ನಮ್ಮ ಹಳಿ 50 ಅಡಿಗೆ ಒಂದು ಅಡಿ ಇಳಿಯುತ್ತದೆ. ಅದರ ಮುಂದೆ ಇದು ಕಣ್ಣಿಗೆ ಇಳಿಜಾರೆಂದೇ ತೋರದು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳಲು ಅಷ್ಟು ಸಾಕು.

ಇಲ್ಲಿ ಬ್ರೇಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಥೆಯ ಕೀಲು ಇದರಲ್ಲಿದೆ. ಗೂಡ್ಸ್ ರೈಲಿಗೆ ಮೂರು ಬಗೆಯ ಬ್ರೇಕು. ಮೊದಲನೆಯದು ಇಡೀ ರೈಲಿನದು. ಎಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಒಂದು ಕೊಳವೆಯಲ್ಲಿ ಒತ್ತಡದ ಗಾಳಿ ತುಂಬಿರುತ್ತದೆ. ಆ ಒತ್ತಡ ಬೇಗನೆ ಇಳಿದರೆ ಪ್ರತಿ ಬೋಗಿಯೂ ತನ್ನಲ್ಲಿ ಕೂಡಿಟ್ಟ ಗಾಳಿಯಿಂದ ಬ್ರೇಕು ಹಿಡಿಯುತ್ತದೆ. ಆದರೆ ಒತ್ತಡ ತೀರಾ ನಿಧಾನವಾಗಿ ಸೋರಿದರೆ ಬೋಗಿಗೆ ಅದು ತಿಳಿಯುವುದೇ ಇಲ್ಲ. ಎರಡನೆಯದು ಎಂಜಿನ್‌ಗಳದ್ದೇ ಆದ ಗಾಳಿಯ ಬ್ರೇಕು. ಎಂಜಿನ್ ಓಡುತ್ತ ಗಾಳಿ ತುಂಬುತ್ತಿದ್ದರೆ ಮಾತ್ರ ಅದರ ಹಿಡಿತ. ಮೂರನೆಯದು ಹ್ಯಾಂಡ್ ಬ್ರೇಕು. ಬೋಗಿಯ ತುದಿಯಲ್ಲಿರುವ ಚಕ್ರವನ್ನು ತೋಳಿನ ಬಲದಿಂದ ತಿರುಗಿಸಿದರೆ ಸರಪಳಿ ಬಿಗಿದು ಬ್ರೇಕು ಗಾಲಿಗೆ ಒತ್ತಿಕೊಳ್ಳುತ್ತದೆ. ಗಾಳಿ ಇರಲಿ ಬಿಡಲಿ, ಬಿಡಿಸುವವರೆಗೆ ಬಿಡದು. ನಿಲ್ಲಿಸಿದ ರೈಲಿಗೆ ನಂಬಬೇಕಾದದ್ದು ಇದನ್ನೇ. ಆದರೆ ಒಂದೊಂದು ಬೋಗಿಗೂ ಇಳಿದು, ಹತ್ತಿ, ತಿರುಗಿಸಿ ಬರಬೇಕು. ಇಡೀ ದಿನ ಓಡಿಸಿ ದಣಿದವನು, ಕತ್ತಲಲ್ಲಿ, ಒಬ್ಬನೇ.

ಅವನು ಏಳು ಹ್ಯಾಂಡ್ ಬ್ರೇಕು ಹಾಕಿದ. ಐದು ಎಂಜಿನ್‌ಗಳಿಗೆ, ಎರಡು ಆ ಬೇರೆ ಬೋಗಿಗಳಿಗೆ. ಎಣ್ಣೆಯ ಒಂದು ವ್ಯಾಗನ್‌ಗೂ ಇಲ್ಲ. ಕಂಪನಿಯ ಸ್ವಂತ ಸೂಚನೆಯ ಪ್ರಕಾರವೇ ಅಷ್ಟುದ್ದದ ರೈಲಿಗೆ ಒಂಬತ್ತು ಬೇಕಿತ್ತು. ಆಮೇಲೆ ಲೆಕ್ಕ ಹಾಕಿದ ಕೆನಡಾದ ಸಾರಿಗೆ ಸುರಕ್ಷಾ ಮಂಡಳಿಯ ಪ್ರಕಾರ ಕನಿಷ್ಠ 17, ಬಹುಶಃ 26 ಬೇಕಿತ್ತು. ಅಂದರೆ ನಿಯಮ ಪಾಲಿಸಿದ್ದರೂ ಸಾಲುತ್ತಿರಲಿಲ್ಲ! ಹಾಕಿದ ಬ್ರೇಕು ಹಿಡಿಯುತ್ತದೆಯೋ ಎಂದು ಎಂಜಿನ್ನಿನಿಂದ ಎಳೆದು ನೋಡುವ ಪರೀಕ್ಷೆಯೊಂದಿದೆ. ಅದನ್ನೂ ಅವನು ಮಾಡಿದ, ಆದರೆ ಎಂಜಿನ್‌ಗಳ ಗಾಳಿ ಬ್ರೇಕು ಬಿಡಿಸದೆ ಮಾಡಿದ. ರೈಲು ಕದಲಲಿಲ್ಲ. ಹ್ಯಾಂಡ್ ಬ್ರೇಕು ಹಿಡಿದಿದೆ ಎಂದುಕೊಂಡ. ಹಿಡಿದದ್ದು ಗಾಳಿ.

ಮುಂದಿನ ಎಂಜಿನ್ ಅಂದು ದಾರಿಯುದ್ದಕ್ಕೂ ಹೊಗೆ ಉಗುಳುತ್ತ ಬಂದಿತ್ತು. 2012ರ ಅಕ್ಟೋಬರಿನಲ್ಲಿ ಅದು ಕೆಟ್ಟಾಗ, ಸರಿಯಾದ ದುರಸ್ತಿಗೆ ತಗಲುವ ಸಮಯ ಮತ್ತು ಹಣ ಉಳಿಸಲು ಎಪಾಕ್ಸಿಯಂಥ ಅಂಟಿನಿಂದ ಒಳಗಿನ ಭಾಗವೊಂದನ್ನು ಸರಿಪಡಿಸಿ ಕಳಿಸಿದ್ದರು. ಆ ಅಂಟು ಎಂಜಿನ್ನಿನ ಕಾವಿಗೆ, ಒತ್ತಡಕ್ಕೆ ತಡೆಯಲಿಲ್ಲ. ಎಂಜಿನ್ನಿನ ಎಣ್ಣೆ ಸೋರಿ ಟರ್ಬೊ ಚಾರ್ಜರಿನಲ್ಲಿ ಸೇರಿತು. ಚಾಲಕ ತೊಂದರೆಯನ್ನು ಫೋನಿನಲ್ಲಿ ತಿಳಿಸಿದ. ಬೆಳಗ್ಗೆ ನೋಡೋಣ ಎಂದಾಯಿತು. ಅವನು ಟ್ಯಾಕ್ಸಿ ಹತ್ತಿ ಲಾಕ್-ಮೆಗಾಂಟಿಕ್‌ನ ಹೋಟೆಲಿಗೆ ಮಲಗಲು ಹೋದ.

ರಾತ್ರಿ 11:40ಕ್ಕೆ ಆ ಎಂಜಿನ್‌ಗೆ ಬೆಂಕಿ ಹತ್ತಿತು. ನಾಂಟ್‌ನ ಅಗ್ನಿಶಾಮಕರು ಬಂದು, ತಮ್ಮ ಕೆಲಸದ ಕ್ರಮದಂತೆ ಎಂಜಿನ್ ನಿಲ್ಲಿಸಿ ಬೆಂಕಿ ಆರಿಸಿದರು. ಕಂಪನಿ ಕಳಿಸಿದ ನೌಕರ ಹಳಿ ದುರಸ್ತಿಯವನು. ಎಂಜಿನ್ನಿನ ಬ್ರೇಕು ಅವನ ವಿದ್ಯೆಯಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಎಲ್ಲರೂ ಹೋದರು. ಎಂಜಿನ್ ನಿಂತ ಮೇಲೆ ಗಾಳಿ ತುಂಬುವವರಿಲ್ಲ. ಅದು ಸೋರತೊಡಗಿತು, ಹನಿಹನಿಯಾಗಿ, ಬೋಗಿಗಳಿಗೆ ತಿಳಿಯದಷ್ಟು ಮೆಲ್ಲಗೆ. 12:56ಕ್ಕೆ ಏಳು ಹ್ಯಾಂಡ್ ಬ್ರೇಕುಗಳ ಮೇಲೆ ಇಡೀ ಭಾರ ಬಿತ್ತು. ರೈಲು ಹೊರಟಿತು. ದೀಪವಿಲ್ಲ, ಸೀಟಿಯಿಲ್ಲ, ಒಳಗೆ ಮನುಷ್ಯರಿಲ್ಲ.

1:15ರ ಸುಮಾರಿಗೆ ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಅದು ಪೇಟೆಯ ನಡುವಿನ ತಿರುವಿಗೆ ಬಂತು. 63 ಟ್ಯಾಂಕ್ ವ್ಯಾಗನ್ ಒಂದರ ಮೇಲೊಂದು ಬಿದ್ದವು. ತೆಳು ಹೊದಿಕೆಯ, ಹಳೆಯ ಡಿಒಟಿ-111 ಮಾದರಿಯವು ಅವು. ಅವು ಒಡೆದು 60 ಲಕ್ಷ ಲೀಟರ್ ಎಣ್ಣೆ ಹರಿಯಿತು. ಅದು ಕಾಗದದಲ್ಲಿ ಬರೆದಷ್ಟು ಸಾಧುವಾದ ಎಣ್ಣೆಯೂ ಆಗಿರಲಿಲ್ಲ. ನಿಜಕ್ಕೂ ಪೆಟ್ರೋಲಿನಷ್ಟೇ ಬೇಗ ಹೊತ್ತುವಂಥದ್ದು ಎಂದು ಪರೀಕ್ಷೆಯಲ್ಲಿ ಕಂಡಿತು. ಶುಕ್ರವಾರದ ರಾತ್ರಿ, ಬೇಸಿಗೆ, ಹಳಿಯ ಪಕ್ಕದ ಮ್ಯೂಸಿ-ಕೆಫೆಯಲ್ಲಿ ಜನ ತುಂಬಿದ್ದರು. 47 ಮಂದಿ ಸತ್ತರು. 40 ಕಟ್ಟಡಗಳು ಬೂದಿಯಾದವು. ಆರು ಸಾವಿರ ಜನರ ಊರಿನಲ್ಲಿ ಎರಡು ಸಾವಿರ ಮಂದಿ ಮನೆ ಬಿಟ್ಟು ಹೋಗಬೇಕಾಯಿತು. ಹೋಟೆಲಿನಲ್ಲಿ ಮಲಗಿದ್ದ ಚಾಲಕ ಎದ್ದು ಬಂದು, ಹಳಿ ತಪ್ಪದೆ ಉಳಿದ ಒಂಬತ್ತು ವ್ಯಾಗನ್‌ಗಳನ್ನು ಬೆಂಕಿಯಿಂದ ದೂರ ಎಳೆಯಲು ಕೈಜೋಡಿಸಿದ.

ಊರಿಗೆ ಬಂದ ಬರ್ಕ್‌ಹಾರ್ಟ್ ಚಾಲಕ ಬೇಕಾದಷ್ಟು ಬ್ರೇಕು ಹಾಕಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದು ಅನ್ಯಾಯ. 2014ರ ಆಗಸ್ಟ್‌ನಲ್ಲಿ ಬಂದ ಸುರಕ್ಷಾ ಮಂಡಳಿಯ ವರದಿ ಒಂದಲ್ಲ, 18 ಕಾರಣಗಳನ್ನು ಪಟ್ಟಿ ಮಾಡಿತು. ಅಂಟು ಹಚ್ಚಿದ ಎಂಜಿನ್, ಮುಖ್ಯ ಮಾರ್ಗದ ಮೇಲೆ ಇಳಿಜಾರಿನ ನೆತ್ತಿಯಲ್ಲಿ ರೈಲು ನಿಲ್ಲಿಸುವ ರೂಢಿ, ತರಬೇತಿಯ ಕೊರತೆ, 2002ರಲ್ಲೇ ಬರೆದಿಟ್ಟರೂ 2010ರವರೆಗೆ ಜಾರಿಗೆ ತಾರದ ಸುರಕ್ಷತಾ ವ್ಯವಸ್ಥೆ, ಕಂಪನಿಯ ದೌರ್ಬಲ್ಯ ಗೊತ್ತಿದ್ದೂ ಗಟ್ಟಿಯಾಗಿ ಹಿಡಿಯದ ಸಾರಿಗೆ ಇಲಾಖೆ. ಒಬ್ಬನೇ ಇದ್ದದ್ದೇ ಕಾರಣ ಎಂದು ಮಂಡಳಿ ಖಚಿತವಾಗಿ ಹೇಳಲಿಲ್ಲ. ಇಬ್ಬರಿದ್ದಿದ್ದರೆ ದುರಂತ ತಪ್ಪುತ್ತಿತ್ತೆಂದು ಸಾಬೀತು ಮಾಡಲಾಗದು. ಮಂಡಳಿ ಸಾಕ್ಷ್ಯ ಮೀರಿ ಮಾತಾಡಲಿಲ್ಲ, ಅದು ಅದರ ಧರ್ಮ. ನನಗೆ ಮಾತ್ರ ಇಷ್ಟು ಅನಿಸುತ್ತದೆ: ಕತ್ತಲಲ್ಲಿ ಇನ್ನೊಬ್ಬ ಜೊತೆಗಿದ್ದಿದ್ದರೆ 'ಎಂಜಿನ್ ಬ್ರೇಕು ಬಿಟ್ಟು ಇನ್ನೊಮ್ಮೆ ಎಳೆದು ನೋಡಪ್ಪಾ' ಎನ್ನಲು ಒಂದು ಬಾಯಿ ಇರುತ್ತಿತ್ತು.

ಚಾಲಕ ಮತ್ತು ಇನ್ನಿಬ್ಬರು ನೌಕರರ ಮೇಲೆ, 47 ಸಾವಿಗೆ ಕಾರಣವಾದ ಅಪರಾಧಿಕ ನಿರ್ಲಕ್ಷ್ಯದ ಆರೋಪ ಬಂತು. 2018ರ ಜನವರಿಯಲ್ಲಿ ಶೆರ್‌ಬ್ರೂಕ್‌ನ ನ್ಯಾಯಾಲಯದಲ್ಲಿ, ದಿನಗಟ್ಟಲೆ ಚರ್ಚಿಸಿದ ಜ್ಯೂರಿ ಮೂವರನ್ನೂ ಬಿಡುಗಡೆ ಮಾಡಿತು. ಮನೆಯವರನ್ನು ಕಳೆದುಕೊಂಡ ಹಲವರೂ ಕಟಕಟೆಯಲ್ಲಿ ನಿಲ್ಲಬೇಕಾದವರು ಇವರಷ್ಟೇ ಅಲ್ಲ ಎಂದೇ ಹೇಳುತ್ತಿದ್ದರು.

ಕಂಪನಿಯ ವಿಮೆ ಎಷ್ಟಿತ್ತು ಗೊತ್ತೇ? ಎರಡೂವರೆ ಕೋಟಿ ಕೆನಡಾ ಡಾಲರ್. ಊರೊಂದನ್ನು ಸುಡಬಲ್ಲ ಸರಕಿಗೆ ಅಷ್ಟು. ತಿಂಗಳು ತುಂಬುತ್ತಲೇ, 2013ರ ಆಗಸ್ಟ್‌ನಲ್ಲಿ ಎಂಎಂಎ ಎರಡೂ ದೇಶಗಳಲ್ಲಿ ದಿವಾಳಿ ರಕ್ಷಣೆ ಕೇಳಿತು. ಮೃತರ ಮನೆಗಳಿಗೂ ಊರಿಗೂ ಕೊನೆಗೆ ಸಿಕ್ಕ ಪರಿಹಾರ ನಿಧಿ ಸುಮಾರು 45 ಕೋಟಿ ಕೆನಡಾ ಡಾಲರ್. ಅದನ್ನು ತುಂಬಿದ್ದು ಎಣ್ಣೆ ಕಂಪನಿಗಳು, ವ್ಯಾಗನ್ ಬಾಡಿಗೆಗೆ ಕೊಟ್ಟವರು, ವಿಮೆಯವರು, ಸರ್ಕಾರ. ನಾರ್ತ್ ಡಕೋಟದಿಂದ ಮಾಂಟ್ರಿಯಲ್‌ವರೆಗೆ ಇದೇ ರೈಲನ್ನು ತಂದು ಎಂಎಂಎಗೆ ಒಪ್ಪಿಸಿದ್ದ ಕೆನೇಡಿಯನ್ ಪೆಸಿಫಿಕ್ ತನ್ನ ಹೊಣೆಯಿಲ್ಲವೆಂದು ನಿಂತಿತು. 2022ರ ಡಿಸೆಂಬರಿನಲ್ಲಿ ಕ್ವಿಬೆಕ್‌ನ ನ್ಯಾಯಾಲಯ ಅದರ ವಾದವನ್ನು ಒಪ್ಪಿತು. ನಿಯಮಗಳು ಮಾತ್ರ ಬದಲಾದವು. ಅಪಾಯಕಾರಿ ಸರಕಿನ ರೈಲಿಗೆ ಇಬ್ಬರು ಬೇಕೇ ಬೇಕೆಂದು ಕೆನಡಾ ದುರಂತದ ತಿಂಗಳಲ್ಲೇ, 2013ರ ಜುಲೈಯಲ್ಲಿ, ಆದೇಶಿಸಿತ್ತು. ತೆಳು ಹೊದಿಕೆಯ ವ್ಯಾಗನ್‌ಗಳನ್ನು ಕಚ್ಚಾತೈಲದ ಸಾಗಣೆಯಿಂದ ತೆಗೆಯಲಾಯಿತು.

ಈ ಹಳಿಯ ಬೆಲೆಯ ಲೆಕ್ಕ ನನ್ನನ್ನು ಬಹಳ ಕಾಡುತ್ತದೆ. ಹರಾಜಿನಲ್ಲಿ ಎಂಎಂಎಯನ್ನು ಕೊಂಡ ಹೂಡಿಕೆದಾರರು ಕೊಟ್ಟದ್ದು ಸುಮಾರು 1.6 ಕೋಟಿ ಡಾಲರ್. 2014ರಲ್ಲಿ ಅವರು 'ಸೆಂಟ್ರಲ್ ಮೇನ್ ಅಂಡ್ ಕ್ವಿಬೆಕ್' ಎಂಬ ಹೊಸ ಹೆಸರಿಟ್ಟು, ಹಣ ಹಾಕಿ ಹಳಿ ಸರಿಪಡಿಸಿದರು. ಆರು ವರ್ಷವೂ ತುಂಬುವ ಮೊದಲು ಅದೇ ಮಾರ್ಗವನ್ನು 13 ಕೋಟಿ ಡಾಲರಿಗೆ ಕೊಳ್ಳಲು ಮುಂದಾದದ್ದು ಯಾರು? ಒಂದು ಕಾಲಕ್ಕೆ ಲಾಭವಿಲ್ಲವೆಂದು ಮಾರಿ ಹೋಗಿದ್ದ ಕೆನೇಡಿಯನ್ ಪೆಸಿಫಿಕ್. ಅಂದರೆ ಆ ಹಳಿಗೆ ಬೆಲೆಯಿತ್ತು. ನೋಡಿಕೊಳ್ಳುವವರು ಬೇಕಿತ್ತು. ಗಿರಣಿಗಳು ಮುಚ್ಚಿದ್ದು ಎಂಎಂಎಯ ತಪ್ಪಲ್ಲ. ಬಡತನವೂ ತಪ್ಪಲ್ಲ. ಮರದ ತಿರುಳು, ಹಲಗೆ ಹೊರುವಷ್ಟು ಮಾತ್ರ ತ್ರಾಣವಿದ್ದಾಗ ಎಣ್ಣೆಯನ್ನು ಹೊರಲು ಒಪ್ಪಿದ್ದು ತಪ್ಪು, ಒಪ್ಪಲು ಬಿಟ್ಟದ್ದು ಇನ್ನೂ ದೊಡ್ಡ ತಪ್ಪು.

ಹಳಿಯನ್ನು ಊರಾಚೆಗೆ ಒಯ್ಯಿರಿ ಎಂದು ಲಾಕ್-ಮೆಗಾಂಟಿಕ್‌ನ ಜನ ಆ ಬೇಸಿಗೆಯಿಂದಲೇ ಕೇಳುತ್ತ ಬಂದರು. 2013ರ ಡಿಸೆಂಬರಿನಲ್ಲೇ ಗೂಡ್ಸ್ ರೈಲು ಊರ ನಡುವೆ ಮತ್ತೆ ಓಡಿತು. ಬೈಪಾಸ್ ಹಳಿ ಕಟ್ಟುತ್ತೇವೆಂದು ಕೆನಡಾ ಮತ್ತು ಕ್ವಿಬೆಕ್ ಸರ್ಕಾರಗಳು 2018ರ ಮೇ ತಿಂಗಳಲ್ಲಿ ಘೋಷಿಸಿದವು. ಅದರ ಮೇಲೆ ಅಕ್ಕಪಕ್ಕದ ಹಳ್ಳಿಗಳ ನೆಲದ ತಕರಾರು ಎದ್ದಿತು. 2023ರ ಜುಲೈಯಲ್ಲಿ 47 ಮಂದಿಯ ಹತ್ತನೆಯ ವರ್ಷದ ಸ್ಮರಣೆಗೆ ಊರು ಸೇರಿದಾಗಲೂ ರೈಲು ಬರುತ್ತಿದ್ದದ್ದು ನಾಂಟ್‌ನ ಅದೇ ಇಳಿಜಾರು ಇಳಿದು, ಪೇಟೆಯ ಅದೇ ತಿರುವಿನಲ್ಲಿ.